ಕೆಂಪು ಮಲಗುವುದಿಲ್ಲ

ಅಕ್ಟೋಬರಿನ ಡ್ರೇಟನ್. ಸಕ್ಕರೆ ಬೀಟಿನ ಕೊಯ್ಲು.
ಹಗಲ ಪಾಳಿ ವರ್ಲಿನ್‌ನದು, ಇರುಳಿನದು ನನ್ನದು.
ಇಪ್ಪತ್ತೆರಡು ಅಡಿಯ ಟ್ರೇಲರಿನಲ್ಲಿ ಒಂದೇ ಹಾಸಿಗೆ,
ತಣ್ಣಗಾಗಲು ಅದನ್ನು ನಾವು ಬಿಟ್ಟದ್ದೇ ಇಲ್ಲ.
ಅವನೆದ್ದ ಕುಳಿಯಲ್ಲಿ ನಾನು ಮಲಗುತ್ತೇನೆ,
ನಾನೆದ್ದ ಕುಳಿಯಲ್ಲಿ ಅವನು.

ಮಾತು? ಮಾತಿಗೆಲ್ಲಿ ಹೊತ್ತು.
ಗೇಟಿನ ಹತ್ತಿರ ಎದುರಾದರೆ
"ಕಾಫಿ ಫ್ಲಾಸ್ಕಿನಲ್ಲಿದೆ", "ಕಾಲುಚೀಲ ಒಣಗಿಲ್ಲ",
ಅಷ್ಟೇ.
ಉಳಿದದ್ದನ್ನೆಲ್ಲ ಸ್ಟೀರಿಯೊಗೆ ಬಿಟ್ಟಿದ್ದೆವು.
ಹೋಗುವವರು ಬರುವವರಿಗೆಂದು
ಒಂದು ಸ್ಟೇಷನ್ ಇಟ್ಟು, ಆರಿಸಿ ಹೋಗುವುದು.
ಪಿಟೀಲು ಇದ್ದರೆ ಅವನ ಬೆನ್ನು ಇವತ್ತು ಪರವಾಗಿಲ್ಲ.
ಕೆನಡಾ ಕಡೆಯ ಹವಾವರ್ತಮಾನವಿದ್ದರೆ
ಹಿಮ ಬಿದ್ದು ನಾಳೆ ರಜೆ ಸಿಕ್ಕೀತೆಂಬ ಆಸೆ.
ಒಮ್ಮೆ ಬರೀ ಗೊರಗೊರ ಇಟ್ಟು ಹೋಗಿದ್ದ,
ಎರಡು ಸ್ಟೇಷನ್ನುಗಳ ನಡುವಿನದು.
ಆ ದಿನ ಅವನ ತಮ್ಮ ಫೋನ್ ಮಾಡಿದ್ದನೆಂದು
ವಾರದ ಮೇಲೆ ಗೊತ್ತಾಯಿತು.

ಮೂರನೆಯ ವಾರ ಅದಕ್ಕೆ ಮರೆವು ಬಂತು.
ಗುಂಡಿ ಒತ್ತಿದರೆ ಹನ್ನೆರಡು, ಸೊನ್ನೆ ಸೊನ್ನೆ,
ಹನ್ನೆರಡು, ಸೊನ್ನೆ ಸೊನ್ನೆ,
ನೀವು ಯಾರೋ ನನಗೆ ಗೊತ್ತೇ ಇಲ್ಲವೆಂಬಂತೆ ಮಿಟುಕುವುದು.
ಸ್ಟೇಷನ್ ಎಂಬತ್ತೇಳೂವರೆ.
ಅಲ್ಲಿ ಯಾರೂ ವಾಸವಿಲ್ಲ.

ವರ್ಲಿನ್ ಗುದ್ದಿ ನೋಡಿದ.
ನಾನು ಫ್ಯೂಸ್ ಕಿತ್ತು ಬೆಳಕಿಗೆ ಹಿಡಿದೆ, ಎಳೆ ಕಡಿದಿರಲಿಲ್ಲ.
ಕೊನೆಗೆ ಒಂದು ಬೆಳಗಿನ ನಿದ್ದೆ ತೆತ್ತು
ಗ್ರ್ಯಾಂಡ್ ಫೋರ್ಕ್ಸಿನಿಂದ ನೀಲಿ ಮುಖದ ಹೊಸತು ತಂದೆ.
ಎಂಬತ್ತೊಂಬತ್ತು ಡಾಲರು.
ಕೆಂಪಿಗೆ ಕೆಂಪು, ಹಳದಿಗೆ ಹಳದಿ, ಕಪ್ಪಿಗೆ ಕಪ್ಪು,
ಜಾತಕ ನೋಡಿ ಗಂಟು ಹಾಕಿದಂತೆ.
ಹಾಡಿತು. ಆರಿಸಿದೆ. ಮತ್ತೆ ಹಚ್ಚಿದೆ.
ಹನ್ನೆರಡು, ಸೊನ್ನೆ ಸೊನ್ನೆ.

ಹೊಸ ಸೊಸೆಗೂ ಅದೇ ರೋಗವೆಂದರೆ
ರೋಗ ಮನೆಯದು.

ಪಕ್ಕದ ಟ್ರೇಲರಿನ ಓಡೀನ್ ಹೌಗೆನ್,
ಮೂವತ್ತು ವರ್ಷ ಫೋನ್ ಕಂಬ ಹತ್ತಿದವನು,
ಟಾರ್ಚು ಕಚ್ಚಿಕೊಂಡು ಗೋಡೆಯ ತೂತಿಗೆ ತಲೆ ತೂರಿಸಿದ.
"ಹ್ಞೂ" ಎಂದ. ಬಹಳ ಹೊತ್ತಾದ ಮೇಲೆ
ಇನ್ನೊಂದು "ಹ್ಞೂ".
ಆಮೇಲೆ ತಂತಿಗಳ ಸಿಕ್ಕಿನ ಹಿಂದಿನಿಂದ
ಮುರುಟಿಕೊಂಡ ಕಾಗದದ ಟೇಪೊಂದನ್ನು ಬಿಡಿಸಿ ಕೈಗಿಟ್ಟ.
ಪೆನ್ಸಿಲಿನ ಅಕ್ಷರಗಳು, ಗಾಳಿಗೆ ಬಗ್ಗಿದಂತೆ ಬಲಕ್ಕೆ ವಾಲಿದ್ದವು:

ಈ ಗೋಡೆಯಲ್ಲಿ ಕೆಂಪು ಮಲಗುವುದಿಲ್ಲ.
ಹಳದಿ ಮಲಗುತ್ತದೆ.
ಬಣ್ಣ ನೋಡಿ ಮೋಸಹೋಗಬೇಡ.
ಜಿ., ತೊಂಬತ್ತೆಂಟು.

"ಎಚ್ಚರವಿರುವ ತಂತಿಗೇ ನೆನಪನ್ನು ಕಟ್ಟಬೇಕು,
ಸ್ವಿಚ್ಚಿನ ಜೊತೆ ಮಲಗಿಬಿಡುವುದಕ್ಕಲ್ಲ," ಎಂದ ಓಡೀನ್.
ಹಳೆಯದರ ಆ ಒಂದು ಗಂಟು
ದಾರಿಯ ಕುಲುಕಿಗೆ ಸಡಿಲವಾಗಿತ್ತಂತೆ.
ಅರ್ಧ ತಿರುವಿನ ಕೆಲಸ.
ಎಂಬತ್ತೊಂಬತ್ತು ಡಾಲರು!

ಯಾರಿರಬಹುದು ಈ ಜಿ.?
ಗಂಡೋ ಹೆಣ್ಣೋ, ಈ ಹಾಸಿಗೆಯ ಯಾವ ಮಗ್ಗುಲಿನವರೋ.
ತನಗೆ ಗೊತ್ತಿದ್ದದ್ದನ್ನು ತನಗಾಗಿ
ಬರೆದಿಡುವ ಅಗತ್ಯವಿರಲಿಲ್ಲವಲ್ಲ.
ಟೇಪನ್ನು ಇದ್ದಲ್ಲೇ ಅಂಟಿಸಹೋದೆ, ಅಂಟು ಸತ್ತಿತ್ತು.
ಬೆರಳಿಗೆ ಸುತ್ತುವ ಬ್ಯಾಂಡೇಜಿನಿಂದ ಹಿಡಿಸಿದೆ.
ಹೊಸತನ್ನು ಪೆಟ್ಟಿಗೆಗೆ ತುಂಬಿದೆ,
ಹಳೆಯದನ್ನು ಅದರ ಗೂಡಿಗೆ ತಳ್ಳಿದೆ, ಕ್ಷಮಿಸೆನ್ನದೆ.

ಆ ರಾತ್ರಿ ಎರಡಕ್ಕೆ ಮೇಸ್ತ್ರಿ ಬೆಲ್ಟು ನಿಲ್ಲಿಸಿದ.
ನೆಲ ಹೆಪ್ಪುಗಟ್ಟಿತ್ತು; ಅಂಥ ಗೆಡ್ಡೆ ರಾಶಿಗೆ ಬಿದ್ದರೆ ಕೊಳೆಯುತ್ತದೆ.
ಲಾರಿಗಳೆಲ್ಲ ದೀಪ ಆರಿಸಿದವು.
ಬೀಟಿನ ಗುಡ್ಡ ಮಾತ್ರ ಎತ್ತಿನ ಮೂಗಿನಂತೆ ಆವಿಯಾಡುತ್ತಿತ್ತು.

ಬೂಟು ಕೈಯಲ್ಲಿ ಹಿಡಿದು ಒಳಗೆ ಬಂದೆ,
ದನಿ ಒಂದಕ್ಕಿಳಿಸಿ ಗುಂಡಿ ಒತ್ತಿದೆ.
ಗಡಿಯಾರ ಎರಡು ನಲವತ್ತು ಎಂದಿತು.
ಪಿಟೀಲು. ನಾನಿಟ್ಟದ್ದಲ್ಲ, ಅವನು ಮಲಗುವ ಮುಂಚೆ ಇಟ್ಟದ್ದು.

ವರ್ಲಿನ್ ಕಣ್ಣುಬಿಟ್ಟ. ಗಡಬಡಿಸಿ ಏಳಹೊರಟ,
ತನ್ನ ಪಾಳಿಯೆಂದುಕೊಂಡು.
"ಏಳಬೇಡ, ಸ್ವಲ್ಪ ಸರಿ" ಎಂದೆ.
ಕಂಬಳಿ ಎತ್ತಿಹಿಡಿದು ಅತ್ತ ನೋಡಿದ, ಇತ್ತ ನೋಡಿದ.
"ಎತ್ತ ಸರಿಯಲಿ?" ಎಂದ.
"ನಿನ್ನ ಕಡೆ ಯಾವುದು?"