ಬಾಯಿ ಬಿಡದ ಮರುವಾಯಿ

ಚಂದ್ರಗಿರಿ ಹೊಳೆಗೆ ಇಳಿತ ಬಂದ ಹೊತ್ತು
ಕುಂಞಾಮಿನ ಸೊಂಟಮಟ್ಟ ನೀರಲ್ಲಿ ನಿಂತು
ಕಾಲಿನ ಹೆಬ್ಬೆರಳಲ್ಲಿ ಮರುವಾಯಿ ಹುಡುಕುತ್ತಾಳೆ.
ನೋಡುವುದಿಲ್ಲ, ತುಳಿಯುತ್ತಾಳೆ.
ಸಿಕ್ಕಿದ್ದು ಅವಳ ಮುಖದಲ್ಲಿ ಗೊತ್ತಾಗುತ್ತದೆ.

ನನ್ನ ಕೆಲಸವೂ ಹೆಚ್ಚುಕಡಿಮೆ ಇದೇ ಎಂದರೆ
"ನೀನು ಒದ್ದೆಯಾದದ್ದನ್ನೇ ಕಂಡಿಲ್ಲವಲ್ಲ ಮಾರಾಯ್ತಿ."

ಅವಳ ಮನೆಯ ಮಾಳಿಗೆ ಕೋಣೆ, ತಿಂಗಳಿಗೆ ಮೂರು ಸಾವಿರ.
ಅಲ್ಲಿ ಕೂತು ಪಯಾನ್ ಎಂಬುದರ ಲೆಕ್ಕ ಮಾಡುತ್ತೇನೆ:
ಒಂದು ಸೆಕೆಂಡನ್ನು ಕೋಟಿ ಕೋಟಿ ಪಾಲು ಮಾಡಿ
ಅದರಲ್ಲೊಂದನ್ನು ಮತ್ತೆ ನೂರು ಮಾಡಿದರೆ
ಅಷ್ಟೂ ಬಾಳದೆ ಎರಡು ಬೆಳಕಾಗಿ ಹೋಗುವಂಥದ್ದು.
ಒಳಗೆ ಕ್ವಾರ್ಕು, ಪ್ರತಿಕ್ವಾರ್ಕು.
ಇರುವ ಸಂವೇಗವನ್ನು ಹಂಚಿಕೊಂಡಿವೆ,
ಸಮಪಾಲೋ, ಒಂದೇ ಬಾಚಿಕೊಂಡಿತೋ
ಕಂಡವರಿಲ್ಲ. ಬೇರೆ ಮಾಡಿ ಕೇಳುವ ಹಾಗೂ ಇಲ್ಲ.
ಬೆಳಕಿನಲ್ಲಿ ತುಳಿದು ನೋಡಬೇಕು.

ಬಲವಾಗಿ, ಇನ್ನೂ ಬಲವಾಗಿ ತುಳಿದಂತೆ
ಗೆರೆ ಏರಿ ಏರಿ ಒಂದು ಎತ್ತರದಲ್ಲಿ
ಮಟ್ಟಸವಾಗಬೇಕು. ಸಿದ್ಧಾಂತದ ಮಾತು ಅದು,
ಹಳೆಯದು, ಚೆಂದದ್ದು.
ಕ್ಯಾಲಿಫೋರ್ನಿಯಾದ ಯಂತ್ರದ ಚುಕ್ಕಿಗಳು ಕೇಳಲಿಲ್ಲ,
ಮಿತಿ ದಾಟಿ ಮೇಲಕ್ಕೆ ಹೋದವು.
ಜಪಾನಿನವು ಅಷ್ಟು ಹೋಗಲಿಲ್ಲ.
ನಡುವೆ ನಾನು, ತಳಂಗರೆಯಲ್ಲಿ, ಫ್ಯಾನಿನ ಕೆಳಗೆ
ಕಾಗದ ಹಾರದಂತೆ ಮೊಣಕೈ ಊರಿಕೊಂಡು.

ಪೆರಿಯದಿಂದ ಗೈಡಿನ ಫೋನು:
"ಕೊನೆಯ ಮೂರು ಚುಕ್ಕಿ ಬಿಟ್ಟುಬಿಡಿ ಹರಿಣಾಕ್ಷಿ,
ಗೆರೆ ಸರಿಯಾಗಿ ಕೂರುತ್ತದೆ."

ಕೆಳಗೆ ಪಾತ್ರೆ ಕುದಿಯುತ್ತಿತ್ತು.
ಚಿಪ್ಪುಗಳು ಟಕ್, ಟಕ್, ಒಂದೊಂದಾಗಿ ಬಾಯಿ ಬಿಟ್ಟವು.
ನಾಲ್ಕು ಬಿಡಲಿಲ್ಲ.
ಕುಂಞಾಮಿನ ಅವನ್ನು ಹೆಕ್ಕಿ ಅಂಗಳಕ್ಕೆ ಎಸೆದಳು.
"ಬಾಯಿ ಬಿಡದ್ದನ್ನು ತಿನ್ನಬಾರದು.
ಸತ್ತದ್ದು ಅದು. ಅಲ್ಲದಿದ್ದರೆ ಒಳಗೆ ಬರೀ ಕೆಸರು."
ಎರಡೂ ಅಲ್ಲದಿದ್ದರೆ? ಅಂದೆ.
"ನೋಡಿದವರು ಯಾರು? ಕೈ ತೊಳೆದು ಬಾ, ಗಂಜಿ ಆರುತ್ತದೆ."

ಉಂಡ ಮೇಲೆ ಅಂಗಳಕ್ಕಿಳಿದು
ಬೆಕ್ಕು ಮೂಸಿ ಬಿಟ್ಟ ಒಂದನ್ನು ಎತ್ತಿಕೊಂಡೆ.
ಕಾಗದದ ಬಲಮೂಲೆಯಲ್ಲಿ, ಗೆರೆ ಮುಟ್ಟದ
ಆ ಮೂರರ ಮೇಲೆ ಇಟ್ಟೆ. ಕಾಗದ ಹಾರಲಿಲ್ಲ.
ಗೈಡಿಗೆ ಬರೆದೆ: ಮೂರೂ ಇರಲಿ ಸರ್,
ಗೆರೆ ಕೂರದಿದ್ದರೆ ನಿಂತಿರಲಿ.

ಮೂರನೇ ದಿನ ಕೋಣೆ ನಾರಿತು.
ಚಿಪ್ಪು ಮಾತ್ರ ಹಾಗೇ ಮುಚ್ಚಿತ್ತು.
ಕುಂಞಾಮಿನ ಮೆಟ್ಟಿಲ ಬುಡದಿಂದಲೇ ಬೈದಳು,
ಮೊದಲು ಮಲೆಯಾಳದಲ್ಲಿ, ಅವಳ ಸಮಾಧಾನಕ್ಕೆ;
ಆಮೇಲೆ ಕನ್ನಡದಲ್ಲಿ,
ನನಗೆ ತಿಳಿಯಲಿ ಎಂದು.