ಹೆರಾಲ್ಡ್ ಇದ್ದ ಮೂರು ವರ್ಷ

ಉಳಿದ ಕಾರುಗಳು ಬಾಯಿ ತೆರೆದು ತೋರಿಸುತ್ತವೆ.
ಇದು ಹಾಗಲ್ಲ. ದೀಪ, ಮಡ್‌ಗಾರ್ಡು, ಮೂಗು ಸಮೇತ
ಪೂರಾ ಮುಂದಕ್ಕೆ ಬಾಗುತ್ತದೆ.
ಸಜದಾಕ್ಕ ಹೋದಂಗ ನೋಡ್ರಿ, ಅಂದ ಲಾಡ್ಲೇಸಾಬ.
ನನಗೆ ಕಂಡದ್ದು ಬೇರೆ:
ಲೆಕ್ಕದ ಪರೀಕ್ಷೆಯಲ್ಲಿ ಬೆಂಚಿಗೆ ಹಣೆ ಹಚ್ಚಿ
ನಿದ್ದೆ ಹೋದ ಹತ್ತನೇ ಇಯತ್ತೆಯ ಹುಡುಗ.

ನೌಬಾದಿನ ಕಾಂಪೌಂಡರ್ ಕಾಶಪ್ಪನ ತಗಡಿನ ಶೆಡ್ಡು.
ಹದಿನೆಂಟು ವರ್ಷ ತೊಗರಿ ಹೊಟ್ಟಿನ ಕೆಳಗಿತ್ತು.
ಹಿಂದಿನ ಸೀಟಿನಲ್ಲಿ ಕೋಳಿ ಮರಿ ಮಾಡಿತ್ತು.
ಕೀಲಿ ಕೇಳಿದರೆ ಕಾಶಪ್ಪ ನಕ್ಕ:
"ಕೀಲಿ ಯಾಕ್ರೀ ಟೀಚರ್‌ಬಾಯಿ, ಸ್ಕ್ರೂಡ್ರೈವರ್ ಹಾಕಿ ತಿರುವ್ರಿ."
ಜಿಪಿಎಫ್ ಅರ್ಜಿಯ ಕಾರಣದ ಖಾನೆಯಲ್ಲಿ
ಮನೆ ರಿಪೇರಿ ಎಂದು ಬರೆದೆ.
ಪೂರಾ ಸುಳ್ಳೇನಲ್ಲ.

ಹಗ್ಗ ಕಟ್ಟಿ ಎಳೆದು ತರುವಾಗ ಕ್ಲಚ್ಚಿನ ಪಕ್ಕದ ತೂತಿನಲ್ಲಿ
ಬೀದರದ ನೆಲ ಓಡುತ್ತಿತ್ತು.
ಕೆಂಪು ತುಕ್ಕು, ಕೆಂಪು ಮಣ್ಣು,
ಯಾವುದು ಎಲ್ಲಿ ಮುಗಿಯಿತೋ.

ಶನಿವಾರ ಅರ್ಧ ದಿನದ ಶಾಲೆ, ಆಮೇಲೆ ಉದಗೀರ ರಸ್ತೆಯ ಗ್ಯಾರೇಜು.
ಲಾಡ್ಲೇಸಾಬ ಎಂಜಿನ್ನಿಗೆ ಕಿವಿ ಹಚ್ಚಿ ಕೂತಾಗಲೇ
ವಾಯುಪಡೆಯ ಹುಡುಗರು ಆಕಾಶ ಹರಿಯುತ್ತಾ ಹೋಗುವರು.
ಅವನು ಒಂದು ಬೆರಳೆತ್ತಿ ಕಾಯುವನು.
"ಅವರ್ದು ಮುಗೀಲಿ. ನಮ್ದು ಸಣ್ಣ ದನಿ ಅದ."

ಡೈನಮೋ ಹೋಗಿ ಮಾರುತಿಯ ಆಲ್ಟರ್ನೇಟರು ಬಂತು.
ಪಾಯಿಂಟು, ಕಂಡೆನ್ಸರು ಹೋಗಿ ಎಲೆಕ್ಟ್ರಾನಿಕ್ ಡಬ್ಬಿ.
ಮುಂದಿನ ಗಾಲಿಗೆ ಹೈದರಾಬಾದಿನ ಗುಜರಿಯ ಡಿಸ್ಕು,
ರೇಡಿಯೇಟರಿಗೆ ಸ್ಯಾಂಟ್ರೋದ ಫ್ಯಾನು.
ಗೇರಿನ ಗುಂಡು ಒಡೆದಿತ್ತು.
ಲಾಡ್ಲೇಸಾಬನ ಷಡ್ಡಕ ನಯೀಮೋದ್ದೀನ ಬಿದ್ರಿ ಕೆಲಸದವ;
ಹೂದಾನಿಗೆ ಎರೆದು ಉಳಿದ ಸತುವಿನಲ್ಲಿ ಒಂದು ಗುಂಡು ಎರೆದ,
ಬೆಳ್ಳಿ ಎಳೆ ಕೂರಿಸಿ ೧ ೨ ೩ ೪ ಎಂದು ಬರೆದ
(ಮೂರು ತುಸು ಸೊಟ್ಟ),
ಕೋಟೆಯ ಮಣ್ಣು ತಿಕ್ಕಿ ಕಪ್ಪಾಗಿಸಿದ.
ರಿವರ್ಸಿಗೆ ಬೆಳ್ಳಿ ಸಾಲಲಿಲ್ಲ.

ಆಟೋದವರು ಎರಡು ಸಲ ಹಿಂದೆ ಮುಂದೆ ಮಾಡುವ ಗಲ್ಲಿಯಲ್ಲಿ
ಇದು ಒಂದೇ ಸಲಕ್ಕೆ ತಿರುಗುತ್ತಿತ್ತು,
ಸೂಜಿಯ ಕೆಳಗೆ ಬಟ್ಟೆ ತಿರುಗಿದ ಹಾಗೆ.
ಮೊದಲ ದಿನ ಚೌಬಾರಾಕ್ಕೆ ಏಳು ಸುತ್ತು ಹಾಕಿದೆವು.
ಪೊಲೀಸ ಎಣಿಸುತ್ತಾ ನಿಂತಿದ್ದವ
ಎಂಟನೆಯದಕ್ಕೆ ಸೀಟಿ ಊದಿದ.

ಆಮೇಲೆ ಏನೂ ಕೆಡಲಿಲ್ಲ. ತೊಂದರೆ ಅದೇ.
ತಿರುವಿದರೆ ಮೊದಲ ಸಲಕ್ಕೇ ಶುರು.
ಹುಮನಾಬಾದಿನ ಏರಿನಲ್ಲೂ ಕಾಯಲಿಲ್ಲ.
ಶನಿವಾರ ನಾನೂ ಅವನೂ ಚಹಾ ಹಿಡಿದು
ಅದರ ಎದುರು ಕೂಡುವೆವು,
ಬೀಗರ ಮನೆಗೆ ಬಂದವರಂತೆ, ಮಾತಿಲ್ಲದೆ.

ಕೊಂಡವರು ಲಾತೂರಿನ ಹಲ್ಲಿನ ಡಾಕ್ಟರು, ಪ್ರಫುಲ್ಲ ದೇವಣೀಕರ.
ಟಾರ್ಚು ಹಿಡಿದು ಬಾಗಿ,
ಕಟ್ಟಿಸಿದ ಹಲ್ಲು ಎಣಿಸುವ ದನಿಯಲ್ಲಿ
"ಇದು ಒರಿಜಿನಲ್ ಅಲ್ಲ. ಇದೂ ಅಲ್ಲ. ಎಲ್ಲಾ ತೆಗೀಬೇಕಾಗ್ತದ."
ಲಾಡ್ಲೇಸಾಬ ಟೋಪಿ ತೆಗೆದು ತಲೆ ಕೆರೆದ.
ರೇಟು ನಾನೇ ಹೇಳಿದೆ.
ಅವರು ಚೌಕಾಸಿ ಮಾಡಲಿಲ್ಲ; ಅದಕ್ಕೂ ಸಿಟ್ಟು ಬಂತು.

ಭಾಲ್ಕಿ ರಸ್ತೆಯವರೆಗೆ ಸ್ಕೂಟರಿನಲ್ಲಿ ಹಿಂದೆಯೇ ಹೋದೆವು.
ರೈಲ್ವೆ ಗೇಟು ಬಿದ್ದಿತ್ತು. ಐದು ನಿಮಿಷ ಹೆಚ್ಚು ಸಿಕ್ಕಿತು.
ಹಳಿ ದಾಟುವಾಗ ಹಿಂದಿನ ಗಾಲಿ ಎರಡೂ
ಒಳಗೆ ಮಡಚಿಕೊಂಡವು, ನಾಚಿದ ಕಾಲಿನಂತೆ.
ಅದೊಂದನ್ನು ನಾವು ತಿದ್ದಿರಲಿಲ್ಲ.

ಐದು ತಿಂಗಳ ಮೇಲೆ ಲಾತೂರ ಬಸ್ಸಿನಲ್ಲಿ ಗೋಣೀಚೀಲ ಬಂತು.
ಚೀಟಿಯಲ್ಲಿ ಮರಾಠಿಯ ಒಂದೇ ಮಾತು: ನಿಮ್ಮವು.
ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಹರವಿ ಎಣಿಸಿದ ಲಾಡ್ಲೇಸಾಬ:
ಆಲ್ಟರ್ನೇಟರು, ಡಬ್ಬಿ, ಡಿಸ್ಕು ಎರಡು, ಫ್ಯಾನು.
ಚೀಲ ಬೋರಲು ಹಾಕಿ ಝಾಡಿಸಿದ.
ಮತ್ತೊಮ್ಮೆ ಝಾಡಿಸಿದ.
"ಗುಂಡು ಇಲ್ಲ, ಬಾಯಿ."
"ಇಲ್ಲ," ಅಂದೆ.
ಫ್ಯಾನಿಗೆ ಬೆರಳು ತಾಗಿಸಿದ.
ತಿರುಗಿತು, ಸುಮಾರು ಹೊತ್ತು.