ಆರನೇ ನಟ್ಟು

ಹಾರಂಗಿಯ ಹಿನ್ನೀರು ಸರಿದು ಸರಿದು
ಮುಳುಗಿದ್ದ ಮರಗಳ ಬೊಡ್ಡೆ ಮೇಲೆದ್ದಿವೆ.
ಮೀನುಮರಿ ಬಿಡುವ ಇಲಾಖೆಯ ದೋಣಿ
ಎಡಕ್ಕೆ ವಾಲಿ ಕೆಸರಲ್ಲಿ ಕೂತಿದೆ.
ಹಲಗೆ ತೆಗೆದು ಅದರ ಹೊಟ್ಟೆಯೊಳಗೆ ನಾನು,
ಮೇಲೆ, ಕವುಚಿದ ಬಕೆಟ್ಟಿನ ಮೇಲೆ, ಸಿದ್ದಾಪುರದ ಪಾಲಿ.

ಪಾಲಿಗೆ ಕಿವಿ ಕೇಳದು.
ನಲವತ್ತು ವರ್ಷ ತೋಟದ ಪಲ್ಪರುಗಳ,
ನೀರೆತ್ತುವ ಡೀಸೆಲ್ಲುಗಳ ಮಗ್ಗುಲಲ್ಲಿ ನಿಂತವನಿಗೆ
ಉಳಿದಿರುವುದು ಎಡಗಿವಿಯೊಳಗೆ ಒಂದು ನೊಣದಷ್ಟು ಸದ್ದು.
ಹಾಗಾಗಿ ಅವನು ಹೇಳುತ್ತಾನೆ,
ನಾನು ತಲೆಯಾಡಿಸುತ್ತೇನೆ.

ಹೋದ ವರ್ಷ ಮುರಿದವನು ನಾನೇ.
ಹೊಗೆ ಸೋರುತ್ತಿತ್ತು. ಕಣ್ಣುರಿ, ಸಿಟ್ಟು.
ಪಾನದ ಬಾಲಕ್ಕೆ ಪೈಪು ಸಿಕ್ಕಿಸಿ ಜಗ್ಗಿದೆ,
ತುದಿಯ ನಟ್ಟನ್ನೇ ಮೊದಲು, ಮೈಯಲ್ಲಿದ್ದಷ್ಟೂ ಬಲ.
ಎರಕದ ಕಬ್ಬಿಣ ಬಾಗುವುದಿಲ್ಲ,
ಸಾಕು ಅನ್ನುವುದೂ ಇಲ್ಲ.
ಟಪ್ಪೆಂದು ಅದರ ಕಿವಿ ಕಳಚಿ ಅಂಗೈಗೆ ಬಿತ್ತು.
ಆ ಮಳೆಗಾಲ ಪೂರ್ತಿ
ನನ್ನ ಎರಡು ಭುಜಗಳೇ ಎಂಜಿನ್ನು.

ಈಗ ಮ್ಯಾನಿಫೋಲ್ಡು ಮೈಸೂರಿಗೆ ಹೋಗಿ ಬೆಸುಗೆಯಾಗಿ ಬಂದಿದೆ,
ಕಿವಿಯ ಬುಡದಲ್ಲಿ ಹಿತ್ತಾಳೆಯ ಹಳದಿ ಗೆರೆ.
ಬಣ್ಣ ಹೊಡೀಬೇಡ ಅಂದ ಪಾಲಿ,
ಅದು ಕಾಣ್ತಾ ಇರಲಿ.

ಮೊದಲು ಕೆರೆಯುವುದು.
ಹಳೇ ಗ್ಯಾಸ್ಕೆಟ್ಟಿನ ಕರಿ, ಬ್ಲೇಡು ಮಲಗಿಸಿ,
ತಳ ಹಿಡಿದ ಪಾತ್ರೆ ಉಜ್ಜಿದಂತಲ್ಲ,
ಗಡ್ಡ ಹೆರೆದಂತೆ. ಬೇರೆಯವರ ಗಡ್ಡ.
ಉಕ್ಕಿನ ಪಟ್ಟಿ ಅಡ್ಡ ಇಟ್ಟು ಹಿಂದೆ ಟಾರ್ಚು ಹಿಡಿದೆವು;
ಬೆಳಕು ನುಸುಳಿದ್ದರೆ ಮತ್ತೆ ಮೈಸೂರು.
ನುಸುಳಲಿಲ್ಲ.

ಸ್ಟಡ್ಡುಗಳಿಗೆ ಕರಿ ಪೇಸ್ಟು,
ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುವಷ್ಟು.
ಹೊಸ ಗ್ಯಾಸ್ಕೆಟ್ಟು. ಆಮೇಲೆ ಆ ಭಾರ,
ಎದೆಗೆ ಆನಿಸಿ, ಉಸಿರು ಕಟ್ಟಿ,
ಎಂಟು ತೂತು ಎಂಟು ಸ್ಟಡ್ಡನ್ನು ಹುಡುಕಿಕೊಳ್ಳುವ ತನಕ.

ಎಲ್ಲ ನಟ್ಟೂ ಮೊದಲು ಬರಿ ಬೆರಳಲ್ಲಿ.
'ನಡುವಿಂದ ಶುರು,' ಪಾಲಿಯ ಗಂಟಲು
ಅಣೆಕಟ್ಟೆಯ ತನಕ ಕೇಳಿಸುತ್ತದೆ,
'ಎಡಕ್ಕೊಂದು, ಬಲಕ್ಕೊಂದು. ತುದಿಯವರಿಗೆ ಕೊನೆಗೆ ಬಡಿಸು.
ಮೂರು ಸುತ್ತು. ಮೊದಲ ಸುತ್ತಲ್ಲೇ
ಯಾರಿಗೂ ಹೊಟ್ಟೆ ತುಂಬಬಾರದು.'

ಟಾರ್ಕ್ ಪಾನ ಕಟಕ್ ಅಂದಾಗ ನನಗೆ ಸದ್ದು.
ಅವನಿಗೆ, ಕಬ್ಬಿಣದ ಮೇಲೆ ಊರಿದ ತೋರುಬೆರಳಿಗೆ
ಬಂದು ತಟ್ಟುವ ಏನೋ ಒಂದು.
ನಾನು ಕೇಳುವ ಮೊದಲೇ
ಅವನು ಮುಂದಿನದ್ದನ್ನು ತೋರಿಸಿರುತ್ತಾನೆ.

ಆರನೆಯದು ಮಾತ್ರ ಮರದ ತೊಲೆಯ ಹಿಂದೆ.
ಟಾರ್ಕ್ ಪಾನ ಅಲ್ಲಿಗೆ ತೂರದು.
ಕುಲುಮೆಯಲ್ಲಿ ಕಾಯಿಸಿ ಬಗ್ಗಿಸಿದ ಹದಿನೇಳರ ಪಾನ,
ಒಂದು ಸಲಕ್ಕೆ ಗಡಿಯಾರದ ಐದು ನಿಮಿಷದಷ್ಟು ತಿರುವು,
ಮತ್ತೆ ತೆಗೆ, ಮತ್ತೆ ಕಚ್ಚಿಸು, ಗೆಣ್ಣು ತರಚಿಕೊ.
ಕಟಕ್ ಇಲ್ಲ. ಅಳತೆ ಇಲ್ಲ.
ಎಷ್ಟು? ಅಂತ ಕೈಸನ್ನೆಯಲ್ಲಿ ಕೇಳಿದೆ.
'ಉಳಿದವಕ್ಕೆ ಎಷ್ಟಾಯ್ತು ಅಂತ ನಿನ್ನ ಮಣಿಕಟ್ಟಿಗೆ ಗೊತ್ತು.
ಅದನ್ನ ಕೇಳು. ನನಗೆ ಕಿವುಡು.'

ಡ್ರಮ್ಮಿಗೆ ಪೈಪು ಇಳಿಬಿಟ್ಟು ಸ್ಟಾರ್ಟು ಮಾಡಿದೆವು.
ಬೊಡ್ಡೆಗಳ ಮೇಲಿದ್ದ ನೀರುಕಾಗೆಗಳೆಲ್ಲ ಎದ್ದವು.
ಪಾಲಿ ಊದುಬತ್ತಿ ಹಚ್ಚಿ
ಸಂದು ಸಂದಿಗೂ ಹಿಡಿಯುತ್ತ ಬಂದ.
ಹೊಗೆ ನೆಟ್ಟಗೆ, ನೆಟ್ಟಗೆ, ನೆಟ್ಟಗೆ;
ಆರರ ಹತ್ತಿರ ಒಂದಿಷ್ಟು ತಲೆದೂಗಿತು.
'ತಣೀಲಿ, ಆಮೇಲೆ,' ಅಂದು
ಐದರ ಬಸ್ಸು ಹಿಡಿಯಲು ದಿಬ್ಬ ಹತ್ತಿದ.

ಜುಲೈಗೆ ನೀರೇರುತ್ತದೆ, ಮೀನುಮರಿ ಬರುತ್ತವೆ.
ಈಗ ಕತ್ತಲು. ಟಾರ್ಚು ಬಾಯಲ್ಲಿ.
ಅಂಗೈ ಇಟ್ಟು ನೋಡಿದೆ: ಕಬ್ಬಿಣ
ಆರಿದ ಗಂಜಿಯಷ್ಟು ತಣ್ಣಗೆ.
ಬಗ್ಗಿದ ಪಾನ ಕಚ್ಚಿಸಿ,
ಪೈಪು ಇಲ್ಲದೆ, ಸಿಟ್ಟು ಇಲ್ಲದೆ, ಎಳೆದೆ.
ಒಂದು ಅಕ್ಕಿಕಾಳಿನಷ್ಟು ತಿರುಗಿತು.
ನಿಂತಿತು.
ನಾನೂ ನಿಲ್ಲಿಸಿದೆ.